ಮೇಲಿನ ಮನೆಯ ಹೆಜ್ಜೆ ಸದ್ದು: ಬೆಂಗಳೂರಿನಿಂದ ಇಂಗ್ಲೆಂಡಿನ ಫ್ಲ್ಯಾಟಿಗೆ ಹೋಗುವವರಿಗೆ

ಬೆಂಗಳೂರಿನಲ್ಲಿ ಸದ್ದು ಅಂದರೆ ಹೊರಗಿನದು. ಹಾರ್ನು, ಎದುರು ಸೈಟಿನ ಬೋರ್‌ವೆಲ್, ಗಣೇಶನ ಪೆಂಡಾಲ್. ಕಿಟಕಿ ಹಾಕಿಕೊಂಡರೆ ಅಷ್ಟಿಷ್ಟು ತಗ್ಗುತ್ತದೆ. ಮೇಲಿನವರು ಕುರ್ಚಿ ಎಳೆದರೆ ಕೇಳಿಸೀತು, ಬರಿಗಾಲಲ್ಲಿ ಓಡಾಡಿದರೆ ಅಷ್ಟಾಗಿ ಕೇಳಿಸುವುದಿಲ್ಲ. ನಡುವೆ ಐದಾರು ಇಂಚಿನ ಆರ್‌ಸಿಸಿ ಮೋಲ್ಡು ಇದೆ. ಇಂಗ್ಲೆಂಡಿನಲ್ಲಿ ಹಳೆಯ ಮನೆಯೊಂದನ್ನು ಭಾಗ ಮಾಡಿ ಫ್ಲ್ಯಾಟುಗಳಾಗಿಸಿದ ಕಡೆ ಆ ಜಾಗದಲ್ಲಿ ಇರುವುದು ಮರದ ತೊಲೆ, ಅದರ ಮೇಲೆ ಹಲಗೆ, ಕೆಳಗೆ ತೆಳ್ಳನೆಯ ಗಾರೆ. ಒಳಗೆ ಟೊಳ್ಳು. ಡೊಳ್ಳು ಕಟ್ಟುವುದೂ ಹೆಚ್ಚು ಕಡಿಮೆ ಹೀಗೆಯೇ.

ಹಾಗಾಗಿ ಮನೆ ನೋಡಲು ಹೋದಾಗ ಅಡುಗೆಮನೆಗಿಂತ ಮೊದಲು ನೆಲ ನೋಡಿ. ಕಾರ್ಪೆಟ್ಟಿನ ಮೂಲೆ ಎತ್ತಿ ಹಲಗೆಯೋ ಕಾಂಕ್ರೀಟೋ ತಿಳಿದುಕೊಳ್ಳಿ. ಸಂಜೆ ಏಳರ ಮೇಲೆ, ಮೇಲಿನವರು ಮನೆಗೆ ಬಂದಿರುವ ಹೊತ್ತಿಗೆ ಹೋಗಿ, ಐದು ನಿಮಿಷ ಮಾತಾಡದೆ ನಿಲ್ಲಿ. ಸದ್ದು ತಡೆಯುವ ಬಗ್ಗೆ ಅಲ್ಲಿನ ಈಗಿನ ಕಟ್ಟಡ ನಿಯಮಗಳು 2003ರವು. ಅಪ್ರೂವ್ಡ್ ಡಾಕ್ಯುಮೆಂಟ್ ಇ ಎಂಬ ಕೈಪಿಡಿಯ ಪ್ರಕಾರ ಹೊಸ ಕಟ್ಟಡದಲ್ಲಿ ಎರಡು ಮನೆಗಳ ನಡುವಿನ ಗೋಡೆಯೂ ನೆಲವೂ ಮಾತು, ಟೀವಿಯಂಥ ಗಾಳಿಯಲ್ಲಿ ಹರಡುವ ಸದ್ದನ್ನು ಕನಿಷ್ಠ 45 ಡೆಸಿಬಲ್ ತಡೆಯಬೇಕು. ಹಳೆ ಕಟ್ಟಡವನ್ನು ಫ್ಲ್ಯಾಟಾಗಿಸಿದರೆ 43. ನೆಲಕ್ಕೆ ಬೀಳುವ ಪೆಟ್ಟು ಕೆಳಗಿನ ಮನೆಯಲ್ಲಿ ಕ್ರಮವಾಗಿ 62 ಮತ್ತು 64 ಡೆಸಿಬಲ್ ದಾಟಬಾರದು. 2003ಕ್ಕೂ ಹಿಂದೆ ಮಾಡಿದ ಫ್ಲ್ಯಾಟಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಕೊಳ್ಳುವವರಾದರೆ, ಮಾರುವವರು ತುಂಬುವ ಟಿಎ6 ಫಾರಂ ಓದಿ. ನೆರೆಯವರ ಜೊತೆ ಜಗಳ, ದೂರು ಇದ್ದರೆ ಅದರಲ್ಲಿ ಹೇಳಲೇಬೇಕು.

ಕಾನೂನಿನ ಬಗ್ಗೆ ನಮ್ಮವರಿಗೆ ಒಂದು ತಪ್ಪು ಭರವಸೆ ಇರುತ್ತದೆ: ಅಲ್ಲಿ ದೂರು ಕೊಟ್ಟರೆ ಸಾಕು, ಕೆಲಸ ಆಗುತ್ತದೆ ಅಂತ. ಅರ್ಧ ನಿಜ. ಮಧ್ಯರಾತ್ರಿಯ ಪಾರ್ಟಿ, ದಿನವಿಡೀ ಬೊಗಳುವ ನಾಯಿ, ಬೇಸು ಏರಿಸಿದ ಸಂಗೀತ ಇವೆಲ್ಲ 1990ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಬರಬಹುದು. ದೂರು ಪೊಲೀಸರಿಗಲ್ಲ, ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಪರಿಸರ ಆರೋಗ್ಯ ವಿಭಾಗಕ್ಕೆ. ತಾರೀಖು, ಶುರುವಾದ ಸಮಯ, ಮುಗಿದ ಸಮಯ, ಯಾವ ಸದ್ದು, ಯಾವ ಕೋಣೆಯಲ್ಲಿ ಕೇಳಿಸಿತು ಎಂದು ಎರಡು ವಾರವಾದರೂ ಬರೆದಿಟ್ಟು ಹೋಗಿ. 'ಯಾವಾಗಲೂ ಗಲಾಟೆ' ಎಂಬ ದೂರಿಗೆ ಬೆಲೆಯಿಲ್ಲ. ಕಾನೂನಿನ ಲೆಕ್ಕದಲ್ಲಿ ಉಪದ್ರವ (ನ್ಯೂಸೆನ್ಸ್) ಹೌದೆಂದು ಕಂಡರೆ ಸದ್ದು ನಿಲ್ಲಿಸಿ ಎಂದು ಕೌನ್ಸಿಲ್ ನೋಟಿಸು ಕೊಡುತ್ತದೆ, ಅದಕ್ಕೂ ಮುಂಚೆ ಏಳು ದಿನ ಬಾಯಿಮಾತಲ್ಲಿ ಸರಿಪಡಿಸಲು ನೋಡಬಹುದು. ಕೌನ್ಸಿಲ್ ಕೈಚೆಲ್ಲಿದರೆ ಅದೇ ಕಾಯ್ದೆಯ 82ನೇ ಸೆಕ್ಷನ್ನಿನಲ್ಲಿ ನೀವೇ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು.

ಆದರೆ ಹೆಜ್ಜೆ ಸದ್ದು, ಮಗುವಿನ ಅಳು, ಬಾಗಿಲು, ಫ್ಲಶ್ಶು? 1999ರಲ್ಲಿ ಸದರ್ಕ್ ಕೌನ್ಸಿಲ್ ಮತ್ತು ಮಿಲ್ಸ್ ಪ್ರಕರಣದಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇದನ್ನು ತೀರ್ಮಾನಿಸಿಬಿಟ್ಟಿದೆ. ಮಾಮೂಲಿ ಬದುಕಿನ ಸದ್ದು ಉಪದ್ರವ ಅಲ್ಲ, ಸದ್ದು ತಡೆಯುವ ಕೆಲಸ ಮಾಡಿಸಿಕೊಡುವ ಹೊಣೆ ಮಾಲೀಕರ ಮೇಲೂ ಇಲ್ಲ. ಹಾಗಾಗಿ ಹೆಜ್ಜೆ ಸದ್ದಿಗೆ ಪರಿಹಾರ ಕೋರ್ಟಿಗಿಂತ ಹೆಚ್ಚಾಗಿ ಸೀಲಿಂಗಿನಲ್ಲಿದೆ.

ಸೀಲಿಂಗ್ ಮುಟ್ಟುವ ಮುನ್ನ ಅನುಮತಿ ಬೇಕು. ಇಲ್ಲಿ 'ಲೀಸ್' ಪದ ದಾರಿ ತಪ್ಪಿಸುತ್ತದೆ. ಬೆಂಗಳೂರಿನಲ್ಲಿ ಲೀಸಿಗೆ ಹಾಕಿಕೊಳ್ಳುವುದು ಅಂದರೆ ಒಂದಷ್ಟು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುವುದು. ಅಲ್ಲಿ ಲೀಸ್‌ಹೋಲ್ಡ್ ಅಂದರೆ ನೀವು 99 ಅಥವಾ 125 ವರ್ಷದಂಥ ಅವಧಿಗೆ ಫ್ಲ್ಯಾಟು ಕೊಂಡಿದ್ದೀರಿ, ಕಟ್ಟಡ ಮಾತ್ರ ಫ್ರೀಹೋಲ್ಡರ್, ಅಂದರೆ ಮೂಲ ಮಾಲೀಕರದು. ತೊಲೆಗಳು ಸಾಮಾನ್ಯವಾಗಿ ಅವರ ಲೆಕ್ಕಕ್ಕೇ ಸೇರುತ್ತವೆ. ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹಾಗೆಯೇ ಲೀಸ್ ಪತ್ರದಲ್ಲಿ ಕಾರ್ಪೆಟ್ಟಿನ ಷರತ್ತು ಹುಡುಕಿ: ಎಷ್ಟೋ ಪತ್ರಗಳಲ್ಲಿ ನೆಲಕ್ಕೆ ಕಾರ್ಪೆಟ್ ಹಾಸಲೇಬೇಕು ಎಂದಿರುತ್ತದೆ. ಮೇಲಿನವರು ಅದನ್ನು ಕಿತ್ತು ಹಲಗೆ ಮೆರೆಸುತ್ತಿದ್ದರೆ ನಿಮ್ಮ ಬಲವಾದ ಹಿಡಿತ ಅದೇ. ಇನ್ನು 2000ಕ್ಕೆ ಮುಂಚಿನ ಕಟ್ಟಡದಲ್ಲಿ ಗೀರು ಗೀರಿನ ಲೇಪ ಹಚ್ಚಿದ ಸೀಲಿಂಗಿದ್ದರೆ ಆಸ್ಬೆಸ್ಟಾಸ್ ಪರೀಕ್ಷೆ ಆಗುವವರೆಗೆ ಡ್ರಿಲ್ ಹಿಡಿಯಬೇಡಿ.

ಕೆಲಸ ಹೀಗೆ. ಹಳೆ ಗಾರೆ ಇಳಿಸಿ, ತೊಲೆಗಳ ನಡುವೆ 100 ಮಿ.ಮೀ. ಮಿನರಲ್ ವೂಲ್ (ಕಲ್ಲು ಅಥವಾ ಗಾಜಿನ ಎಳೆಯ ಉಣ್ಣೆ) ತುಂಬಿಸಿ. ಒತ್ತಿ ಗಿಡಿಯಬೇಡಿ, ಸಡಿಲವಾಗಿ ಕೂರಬೇಕು. ತೊಲೆಗೆ ಅಡ್ಡಲಾಗಿ 400 ಮಿ.ಮೀ. ಅಂತರದಲ್ಲಿ ರೆಸಿಲಿಯೆಂಟ್ ಬಾರ್, ಅಂದರೆ ಸ್ಪ್ರಿಂಗಿನಂತೆ ಬಾಗುವ ತಗಡಿನ ಪಟ್ಟಿ. ಅದಕ್ಕೆ ಮೊದಲು 15 ಮಿ.ಮೀ., ಆಮೇಲೆ 12.5 ಮಿ.ಮೀ. ಅಕೌಸ್ಟಿಕ್ ಪ್ಲಾಸ್ಟರ್‌ಬೋರ್ಡ್ (ಸದ್ದು ತಡೆಯುವ ಜಿಪ್ಸಮ್ ಹಾಳೆ), ಒಂದರ ಸಂದು ಇನ್ನೊಂದರ ಸಂದಿನ ಮೇಲೆ ಬರದಂತೆ. ಎರಡೂ ಸೇರಿ ಚದರ ಮೀಟರಿಗೆ 20 ಕಿಲೋ ದಾಟಬೇಕು, ಇವು ದಾಟುತ್ತವೆ. 2400 ಕ್ಕೆ 1200ರ ದಪ್ಪ ಹಾಳೆಯೊಂದೇ 36 ಕಿಲೋ ಹತ್ತಿರ ತೂಗುತ್ತದೆ, ಒಬ್ಬರ ಕೆಲಸವಲ್ಲ.

ಕೆಡುವುದು ಸ್ಕ್ರೂನಲ್ಲಿ. ಬಾರಿನ ಆಳ 16 ಮಿ.ಮೀ. ಅಂದುಕೊಳ್ಳಿ. ಮೊದಲ ಹಾಳೆಗೆ 25, ಎರಡನೆಯದಕ್ಕೆ 38 ಮಿ.ಮೀ. ಸ್ಕ್ರೂ. ಎರಡೂ ಹಾಳೆ ಸೇರಿ 27.5, ಬಾರು ಸೇರಿದರೆ 43.5. ಕೈಗೆ ಸಿಕ್ಕಿತೆಂದು 50ರ ಸ್ಕ್ರೂ ಹೊಡೆದರೆ ತುದಿ ಹೋಗಿ ತೊಲೆಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಗೆ ಸ್ಪ್ರಿಂಗು ಸತ್ತಂತೆ. ಅಂಥ ನಾಲ್ಕಾರು ಸ್ಕ್ರೂ ಸೇರಿದರೆ ಹಣವೆಲ್ಲ ನೀರಿಗೆ. ಹಾಳೆ ಗೋಡೆಗೂ ತಾಗಕೂಡದು. ಸುತ್ತ 3ರಿಂದ 5 ಮಿ.ಮೀ. ಸಂದು ಬಿಟ್ಟು, ಒಣಗಿದ ಮೇಲೂ ಮೆತ್ತಗಿರುವ ಅಕೌಸ್ಟಿಕ್ ಸೀಲೆಂಟ್ ತುಂಬಿ, ಪುಟ್ಟಿಯಲ್ಲ. ಸೀಲಿಂಗಿಗೆ ತೂತು ಕೊರೆದು ಕೂರಿಸುವ ಡೌನ್‌ಲೈಟ್ ಬೇಡ. ನೂರರಲ್ಲಿ ಒಂದು ಭಾಗ ಖಾಲಿ ಬಿಟ್ಟರೂ ಸೀಲಿಂಗು 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು.

ಇಷ್ಟೆಲ್ಲ ಮಾಡಿದರೂ ಮಾತು, ಟೀವಿ ಅಡಗುವಷ್ಟು ಹೆಜ್ಜೆಯ ಧಿಂ ಸದ್ದು ಅಡಗದು. ಪೆಟ್ಟನ್ನು ಬೀಳುವಲ್ಲೇ ತಡೆಯಬೇಕು. ಮೇಲಿನವರು ಒಪ್ಪಿದರೆ ಅವರ ನೆಲಕ್ಕೆ ಖರ್ಚು ಹಾಕುವುದೇ ಜಾಣತನ.

ಪಕ್ಕದ ಮನೆಯ ಗೋಡೆ ಇಷ್ಟು ಕಷ್ಟದ್ದಲ್ಲ. ವಿಕ್ಟೋರಿಯನ್ ಸಾಲುಮನೆಗಳಲ್ಲಿ ಅದು ನಮ್ಮದೇ ಒಂಬತ್ತಿಂಚಿನ ಇಟ್ಟಿಗೆ ಗೋಡೆ. ಆದರೂ ಸದ್ದು ಬರುತ್ತಿದ್ದರೆ ನೆಲದ ಹಲಗೆ ಎಬ್ಬಿಸಿ, ತೊಲೆಗಳು ಗೋಡೆಯೊಳಗೆ ಹೊಕ್ಕ ಜಾಗ ನೋಡಿ. ಸುತ್ತ ಗಾರೆ ಉದುರಿ ಪೊಳ್ಳಾಗಿರುತ್ತದೆ. ಮೊದಲು ಅದನ್ನು ಮುಚ್ಚಿ. ಸಾಲದಿದ್ದರೆ ಗೋಡೆಯಿಂದ 10 ಮಿ.ಮೀ. ಬಿಟ್ಟು ಬೇರೆ ಫ್ರೇಮು ನಿಲ್ಲಿಸಿ, ಅದೇ ಮಿನರಲ್ ವೂಲ್ ತುಂಬಿ, ಎರಡು ಹಾಳೆ. ಗೋಡೆಗೆ ಅಂಟಿಸುವ ಸ್ಪಂಜು ಕೋಣೆಯೊಳಗಿನ ಗುಂಗು ಕಡಿಮೆ ಮಾಡೀತು, ಪಕ್ಕದವರನ್ನು ತಡೆಯದು.

ಬಾಡಿಗೆಗೆ ಇರುವವರು ಇದ್ಯಾವುದಕ್ಕೂ ಕೈಹಾಕುವಂತಿಲ್ಲ. ಪುಸ್ತಕದ ಬೀರು ಸದ್ದು ಬರುವ ಗೋಡೆಗೆ, ಮಂಚ ಬೇರೆ ಗೋಡೆಗೆ, ಅಷ್ಟೇ.

ಇನ್ನು ಮೇಲಿನ ಮನೆಯವರು ನೀವೇ ಆಗಿರಬಹುದು. ಬೆಳಿಗ್ಗೆ ಆರಕ್ಕೆ ಚಟ್ನಿಗೆ ಮಿಕ್ಸಿ ತಿರುಗಿಸಿದರೆ ಅದು ರಾತ್ರಿಯೇ. ಅಲ್ಲಿ 1996ರ ಶಬ್ದ ಕಾಯ್ದೆಗೆ ರಾತ್ರಿ ಎಂದರೆ 11ರಿಂದ ಬೆಳಿಗ್ಗೆ 7. ಗ್ರೈಂಡರ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಮಗಳ ಭರತನಾಟ್ಯದ ತಟ್ಟಡವು ಮಾತ್ರ ಮ್ಯಾಟಿಗೆ ಬಗ್ಗುವುದಿಲ್ಲ. ಅಂಗಾಲಿನ ಪೆಟ್ಟು ಹಲಗೆಯಿಂದ ತೊಲೆಗೆ, ತೊಲೆಯಿಂದ ಕೆಳಗಿನವರ ಸೀಲಿಂಗಿಗೆ ನೇರ ಇಳಿಯುತ್ತದೆ. ಅಭ್ಯಾಸಕ್ಕೆ ಹತ್ತಿರದ ಚರ್ಚ್ ಹಾಲ್ ವಿಚಾರಿಸಿ, ಎಷ್ಟೋ ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ.