ಹಳೆಯ ಅಂಚೆ ಕಚೇರಿಯಲ್ಲಿ ಮಲಗುವ ಮುನ್ನ: ಪಾರಂಪರಿಕ ಹೋಟೆಲಿನಲ್ಲಿ ಕೋಣೆ ಹಿಡಿಯುವ ಬಗೆ

ಸಿಂಗಪುರ ನದಿಯು ಕೊಲ್ಲಿಯನ್ನು ಸೇರುವ ಮೂಲೆಯಲ್ಲಿ, ಸಾಲುಗಂಬಗಳನ್ನು ಹೊತ್ತು ನಿಂತ ಬೂದುಬಣ್ಣದ ದೊಡ್ಡ ಕಟ್ಟಡವೊಂದಿದೆ. 1928ರಲ್ಲಿ ಅದು ತೆರೆದಾಗ ಕೆಳಗೆ ಪ್ರಧಾನ ಅಂಚೆ ಕಚೇರಿಯೂ ಮೇಲೆ ಸರ್ಕಾರಿ ಇಲಾಖೆಗಳೂ ಸಿಂಗಪುರ ಕ್ಲಬ್ ಎಂಬ ಸಿರಿವಂತರ ಕೂಟವೂ ಇದ್ದವು. ಊರಿನ ದೂರಗಳನ್ನೆಲ್ಲ ಒಂದು ಕಾಲಕ್ಕೆ ಈ ಕಟ್ಟಡದಿಂದಲೇ ಎಣಿಸುತ್ತಿದ್ದರು. 1996ರಲ್ಲಿ ಅಂಚೆ ಕಚೇರಿ ಅಲ್ಲಿಂದ ಹೊರಟಿತು. 2001ರಿಂದ ಅದು 400 ಕೋಣೆಗಳ ಫುಲ್ಲರ್ಟನ್ ಹೋಟೆಲು, 2015ರಿಂದ ಅಲ್ಲಿನ ರಾಷ್ಟ್ರೀಯ ಸ್ಮಾರಕ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ಹಾರಾಟದಲ್ಲಿ ತಲುಪಬಹುದಾದ ಊರಾದ್ದರಿಂದ, ನಗರದ ನಡುವಿನ ಹಳೆಯ ಕಟ್ಟಡದಲ್ಲಿ ಒಂದೆರಡು ರಾತ್ರಿ ತಂಗಬೇಕೆಂದು ಬಯಸುವವರಿಗೆ ಅದನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಬಹುಪಾಲು ಮಾತು ಮೈಸೂರಿಗೂ ಲಂಡನ್ನಿಗೂ ಅನ್ವಯಿಸುತ್ತದೆ.

ಹೋಟೆಲೆಂದೇ ಕಟ್ಟಿದ ಕಟ್ಟಡದಲ್ಲಿ ಮೂರನೆಯ ಮಹಡಿಯ ಕೋಣೆಗೂ ಒಂಬತ್ತನೆಯ ಮಹಡಿಯ ಕೋಣೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಬೇರೆ ಕೆಲಸಕ್ಕೆಂದು ಕಟ್ಟಿ, ಆಮೇಲೆ ಹೋಟೆಲಾದ ಕಟ್ಟಡದಲ್ಲಿ ಹಾಗಲ್ಲ. ಗೋಡೆ, ಕಂಬ, ಕಿಟಕಿಗಳು ಮೊದಲೇ ನಿಂತಿದ್ದ ಜಾಗದಲ್ಲಿಯೇ ಉಳಿಯಬೇಕಾದ್ದರಿಂದ ಕೋಣೆಗಳು ಅವುಗಳ ನಡುವೆ ಹೇಗೋ ಹೊಂದಿಕೊಂಡಿರುತ್ತವೆ. ಒಂದು ಕೋಣೆಗೆ ಹದಿನಾಲ್ಕು ಅಡಿ ಎತ್ತರದ ಚಾವಣಿ ಸಿಕ್ಕರೆ ಅದರ ಪಕ್ಕದ್ದಕ್ಕೆ ಅರ್ಧ ಕಿಟಕಿ ಸಿಕ್ಕಿರಬಹುದು. ಕೆಲವು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ಮುಂಭಾಗದ ಕಮಾನುಗಳ ಚಿತ್ರಕ್ಕೆ ಮರುಳಾಗಿ ಹಣ ಕಟ್ಟಿದ್ದ ನನಗೆ ದೊರೆತದ್ದು ಹಿತ್ತಿಲಿನಲ್ಲಿ ಹೊಸದಾಗಿ ಎಬ್ಬಿಸಿದ ಕಟ್ಟಡದ ಕೋಣೆ. ಅದರ ಕಿಟಕಿ ತೆರೆದರೆ ಅಡುಗೆಮನೆಯ ಹೊಗೆಕೊಳವೆ ಕೈಗೆಟುಕುತ್ತಿತ್ತು. ತಪ್ಪು ಹೋಟೆಲಿನದೆಂದು ಹೇಳಲಾರೆ, ಏಕೆಂದರೆ ನಾನು ಕಾಯ್ದಿರಿಸಿದ್ದು ಹೋಟೆಲನ್ನು, ಕೋಣೆಯನ್ನಲ್ಲ.

ಮೊದಲ ಕೆಲಸ: ಕಟ್ಟಡ ಹಿಂದೆ ಏನಾಗಿತ್ತು ಎಂದು ತಿಳಿಯುವುದು

ಇದನ್ನು ಇತಿಹಾಸದ ಮೇಲಿನ ಅಕ್ಕರೆಯಿಂದ ಹೇಳುತ್ತಿಲ್ಲ, ಕೋಣೆಯ ಬೆಳಕು ಇದರ ಮೇಲೆಯೇ ನಿಂತಿದೆ. ಅಂಚೆ ಕಚೇರಿಯಂಥ ಕಟ್ಟಡ ಅಗಲವೂ ಆಳವೂ ಆಗಿರುತ್ತದೆ. ಹೊರಗೋಡೆಯ ಉದ್ದಕ್ಕೂ ಕಿಟಕಿಗಳು, ನಡುವೆ ಬೆಳಕು ಮುಟ್ಟದ ದೊಡ್ಡ ಹರವು. ಅಂಥದ್ದನ್ನು ಹೋಟೆಲಾಗಿ ಮಾರ್ಪಡಿಸುವಾಗ ನಡುಭಾಗಕ್ಕೆ ಆಕಾಶದ ಬೆಳಕನ್ನು ಇಳಿಸದೆ ದಾರಿಯಿಲ್ಲ. ಫುಲ್ಲರ್ಟನ್ನಿನ ಒಡಲಲ್ಲಿಯೂ ಮೇಲಿನಿಂದ ಬೆಳಕು ಬೀಳುವ ಎತ್ತರದ ಒಳಾಂಗಣವಿದ್ದು, ಒಂದು ಬಗೆಯ ಕೋಣೆಗಳು ಹೊರಗಿನ ಊರಿಗೆ ಬೆನ್ನು ಮಾಡಿ ಈ ಅಂಗಳದ ಕಡೆಗೆ ತೆರೆದುಕೊಳ್ಳುತ್ತವೆ. ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದರ ಒಳಿತು ಕೆಡುಕುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ: ಬಿಸಿಲಿನ ಝಳವಿಲ್ಲದ ತಂಪು ಬೆಳಕು, ರಸ್ತೆಯ ಗದ್ದಲದಿಂದ ಬಿಡುಗಡೆ, ಆದರೆ ಆಕಾಶ ಕಾಣದು, ಮಳೆ ಬಂದದ್ದು ತಿಳಿಯದು, ಪರದೆ ಸರಿಸಿದರೆ ಎದುರು ಕೋಣೆಯವರ ಪರದೆ. ಉಳಿದ ಕೋಣೆಗಳಲ್ಲಿ ಕೆಲವು ನದಿಯ ಕಡೆಗೂ ಕೆಲವು ಮರೀನಾ ಕೊಲ್ಲಿಯ ಕಡೆಗೂ ಮುಖ ಮಾಡಿವೆ, ಅವುಗಳ ಬಾಡಿಗೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಹಗಲೆಲ್ಲ ಹೊರಗೆ ಸುತ್ತಿ ರಾತ್ರಿ ಮಲಗಲು ಮಾತ್ರ ಬರುವವರಿಗೆ ಒಳಾಂಗಣದ ಕೋಣೆ ಸಾಕು ಎಂಬುದು ನನ್ನ ಅಭಿಪ್ರಾಯ. ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರು, ಅವರು ಅರ್ಧ ದಿನ ಕೋಣೆಯಲ್ಲೇ ಕಳೆಯಬಹುದಾದ್ದರಿಂದ, ನದಿಯ ಕಡೆಯದಕ್ಕೆ ಖರ್ಚು ಮಾಡುವುದು ಒಳ್ಳೆಯದು.

ಕಟ್ಟಡದ ಹಿಂದಿನ ಜನ್ಮ ಎಷ್ಟರಮಟ್ಟಿಗೆ ಕಾಡಬಲ್ಲದು ಎಂಬುದಕ್ಕೆ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಕೆಂಪು ಇಟ್ಟಿಗೆಯ ಹೋಟೆಲಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಅದು ಹೋಟೆಲಾಗಿಯೇ 1873ರಲ್ಲಿ ಹುಟ್ಟಿತು. ಬೆಂಕಿ ತಗಲದಿರಲೆಂದು ದಪ್ಪ ಕಾಂಕ್ರೀಟಿನ ನೆಲಗಳನ್ನು ಹಾಕಿದ್ದ ಕಾರಣ, ಮುಂದೆ ಕೋಣೆಗೊಂದು ಬಚ್ಚಲುಮನೆ ಬೇಕೆಂಬ ಕಾಲ ಬಂದಾಗ ಕೊಳವೆ ಇಳಿಸಲು ಆ ನೆಲವನ್ನು ಕೊರೆಯುವುದು ಅಸಾಧ್ಯವೆನಿಸುವಷ್ಟು ದುಬಾರಿಯಾಯಿತು. ಸುಮಾರು 300 ಕೋಣೆಗಳಿಗೆ ಹತ್ತು ಬಚ್ಚಲುಗಳೂ ಇರಲಿಲ್ಲ. 1935ರಲ್ಲಿ ಬಾಗಿಲು ಹಾಕಿ, ರೈಲ್ವೆ ಕಚೇರಿಯಾಗಿ ದಶಕಗಳನ್ನು ಕಳೆದು, 2011ರಲ್ಲಿ ಮತ್ತೆ ಹೋಟೆಲಾದಾಗ ಬಹುಪಾಲು ಕೋಣೆಗಳನ್ನು ಹಿಂದೆ ಕಟ್ಟಿದ ಹೊಸ ಭಾಗದಲ್ಲಿ ಇಟ್ಟರು. ಹಳೆಯ ಭಾಗಕ್ಕೆ ಉಳಿದದ್ದು 38 ಸ್ವೀಟ್‌ಗಳು, ಅಂದರೆ ದೊಡ್ಡ ಐಷಾರಾಮಿ ಕೋಣೆಗಳು ಮಾತ್ರ. ಅಲ್ಲಿ ತಂಗಿದೆನೆಂದು ಹೇಳುವ ಹೆಚ್ಚಿನವರು ನಿಜವಾಗಿ ಮಲಗಿದ್ದು ಈ ಶತಮಾನದ ಗೋಡೆಗಳ ನಡುವೆ. ನಮ್ಮ ಮೈಸೂರಿನ ಲಲಿತಮಹಲಿನಲ್ಲಿ ಕಥೆ ಬೇರೆ. ವೈಸ್‌ರಾಯ್ ಬಂದಾಗ ಉಳಿಯಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲಿಟ್ಟ ಆ ಅರಮನೆ 1974ರಲ್ಲಿ ಹೋಟೆಲಾಯಿತು. ನರ್ತನಕ್ಕೆಂದು ಮಾಡಿದ ಸಭಾಂಗಣ ಊಟದ ಮನೆಯಾಯಿತು. ಹಾಗಾಗಿ ಅಲ್ಲಿ ಕಟ್ಟಡದ ಅತ್ಯುತ್ತಮ ಕೋಣೆಯಲ್ಲಿ ಕುಳಿತುಕೊಳ್ಳಲು ರಾತ್ರಿ ತಂಗಲೇಬೇಕೆಂದಿಲ್ಲ, ಒಂದು ಊಟದ ದುಡ್ಡು ಸಾಕು.

ಎರಡನೆಯದು: ಹಣ ಕಟ್ಟುವ ಮುನ್ನ ಪತ್ರ ಬರೆಯುವುದು

ಬುಕ್ಕಿಂಗ್ ಆ್ಯಪ್‌ಗಳಲ್ಲಿ ಕೋಣೆಗಳಿಗೆ ಡೀಲಕ್ಸ್, ಪ್ರೀಮಿಯರ್, ಹೆರಿಟೇಜ್ ಎಂಬ ಹೆಸರುಗಳಿರುತ್ತವೆ. ಹೆರಿಟೇಜ್ ಎಂದ ಮಾತ್ರಕ್ಕೆ ಆ ಕೋಣೆ ಹಳೆಯ ಭಾಗದಲ್ಲಿದೆ ಎಂದು ಭಾವಿಸಬಾರದು. ಆದ್ದರಿಂದ ಹೋಟೆಲಿಗೇ ನೇರವಾಗಿ ಇಮೇಲ್ ಕಳುಹಿಸಿ, ನಾವು ಆರಿಸಿದ ಬಗೆಯ ಕೋಣೆ ಕಟ್ಟಡದ ಯಾವ ಭಾಗದಲ್ಲಿದೆ, ಅದರ ಕಿಟಕಿ ಯಾವುದಕ್ಕೆ ಎದುರಾಗಿದೆ, ಆ ಕಿಟಕಿ ತೆರೆಯುತ್ತದೆಯೇ ಅಥವಾ ಸಂರಕ್ಷಣೆಯ ಕಾರಣಕ್ಕೆ ಮುಚ್ಚಿದೆಯೇ, ಹೊರಗಿನ ಕಂಬವೋ ಕೈಪಿಡಿ ಗೋಡೆಯೋ ನೋಟಕ್ಕೆ ಅಡ್ಡ ಬರುತ್ತದೆಯೇ ಎಂದು ಬಿಡಿಬಿಡಿಯಾಗಿ ಕೇಳಬೇಕು. ಕೆಳಗಿನ ಮಹಡಿಯಲ್ಲಿ ಬಾರ್ ಅಥವಾ ಮದುವೆಯ ಸಭಾಂಗಣವಿದೆಯೇ ಎಂಬುದನ್ನೂ ಕೇಳಿ, ಏಕೆಂದರೆ ಹಳೆಯ ಕಟ್ಟಡಗಳ ಹೊರಗೋಡೆ ಎಷ್ಟು ದಪ್ಪವೋ, ನಂತರ ಎಬ್ಬಿಸಿದ ಒಳಗೋಡೆಗಳು ಅಷ್ಟೇ ತೆಳುವಾಗಿರುವುದುಂಟು. ಮಂಡಿನೋವಿನವರು ಜೊತೆಗಿದ್ದರೆ ಲಿಫ್ಟ್ ಇದೆಯೇ ಎಂದು ಕೇಳಿದರೆ ಸಾಲದು. ಲಿಫ್ಟಿನಿಂದ ಇಳಿದ ಮೇಲೆ ಕೋಣೆಯವರೆಗೆ ಮೆಟ್ಟಿಲುಗಳಿವೆಯೇ ಎಂದು ಕೇಳಬೇಕು. ಎರಡು ಕಾಲದ ನೆಲಗಳು ಕೂಡುವಲ್ಲಿ ನಾಲ್ಕೈದು ಮೆಟ್ಟಿಲುಗಳು ಬಂದುಬಿಡುವುದು ಇಂಥ ಕಟ್ಟಡಗಳ ಹಳೆಯ ರೋಗ. ಉತ್ತರ ಬಂದರೆ ಅದನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ರಿಸೆಪ್ಷನ್ನಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಭಾರತದಲ್ಲಾದರೆ ಇನ್ನೊಂದು ಆಧಾರವಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 1950ಕ್ಕಿಂತ ಮೊದಲು ಕಟ್ಟಿದ ಅರಮನೆ, ಕೋಟೆ, ಹವೇಲಿ, ವಾಸದ ಮನೆಗಳಲ್ಲಿ ನಡೆಯುವ ಹೋಟೆಲುಗಳನ್ನು ಮಾತ್ರ ಪಾರಂಪರಿಕ ಹೋಟೆಲುಗಳ ವರ್ಗಕ್ಕೆ ಸೇರಿಸುತ್ತದೆ. ಹೆಸರಿನಲ್ಲಿ ‘ಹೆರಿಟೇಜ್’ ಇದ್ದೂ ಕಟ್ಟಡ ನಿನ್ನೆ ಮೊನ್ನೆಯದಾಗಿದ್ದರೆ ಆ ವರ್ಗೀಕರಣವಿದೆಯೇ ಎಂದು ಕೇಳಿದೊಡನೆ ಸಂಗತಿ ಬಯಲಾಗುತ್ತದೆ.

ದಿನಾಂಕ ಮತ್ತು ದುಡ್ಡು

ನಗರದ ನಡುವೆ ಇರುವ ಹೋಟೆಲಿಗೆ ನಗರದ ಹಬ್ಬಗಳೆಲ್ಲ ಬಾಗಿಲಿಗೇ ಬರುತ್ತವೆ. ಸಿಂಗಪುರದಲ್ಲಿ 2008ರಿಂದ ರಾತ್ರಿಯ ಹೊನಲು ಬೆಳಕಿನಲ್ಲಿ ನಡೆಯುವ ಫಾರ್ಮುಲಾ ಒನ್ ಪಂದ್ಯದ ಕಾರುಗಳು ಆ್ಯಂಡರ್ಸನ್ ಸೇತುವೆಯನ್ನು ದಾಟಿ ಫುಲ್ಲರ್ಟನ್ನಿನ ಮಗ್ಗುಲಲ್ಲೇ ತಿರುಗುತ್ತವೆ. ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಬರುವ ಆ ವಾರ ಸುತ್ತಲಿನ ರಸ್ತೆಗಳು ಮುಚ್ಚಿರುತ್ತವೆ, ಬಾಡಿಗೆ ಗಗನಕ್ಕೇರಿರುತ್ತದೆ, ಎಂಜಿನ್ನುಗಳ ಸದ್ದನ್ನು ಹಳೆಯ ಗೋಡೆಯಾಗಲಿ ಹೊಸ ಗಾಜಾಗಲಿ ತಡೆಯಲಾರದು. ಪಂದ್ಯ ನೋಡಲೆಂದೇ ಹೋಗುವವರಿಗೆ ಅದೇ ಸ್ವರ್ಗ. ಉಳಿದವರು ಆ ವಾರವನ್ನೂ, ಕೊಲ್ಲಿಯ ಮೇಲೆ ಸಿಡಿಮದ್ದು ಹಾರಿಸುವ ವರ್ಷದ ಕೊನೆಯ ರಾತ್ರಿಯನ್ನೂ ಬಿಡುವುದು ಲೇಸು.

ಸಿಂಗಪುರದಲ್ಲಿ ದರದ ಮುಂದೆ ಎರಡು ಕೂಡುಚಿಹ್ನೆಗಳನ್ನು ಬರೆಯುವ ರೂಢಿಯಿದೆ, ಅದನ್ನು ಗಮನಿಸದವರು ಕೊನೆಯ ಬಿಲ್ಲು ಕಂಡು ಬೆಚ್ಚುತ್ತಾರೆ. ಮೊದಲನೆಯದು ಶೇ 10ರ ಸೇವಾ ಶುಲ್ಕ, ಎರಡನೆಯದು ಅದೂ ಸೇರಿದ ಮೊತ್ತದ ಮೇಲೆ ಶೇ 9ರ ಜಿಎಸ್‌ಟಿ. ಅಂದರೆ 400 ಡಾಲರ್ ಎಂದು ಬರೆದ ಕೋಣೆ ಮೊದಲು 440 ಆಗಿ, ನಂತರ 479 ಡಾಲರ್ 60 ಸೆಂಟ್ ಆಗುತ್ತದೆ. ಉಪಾಹಾರ ಸೇರಿದೆಯೇ ಎಂಬುದು ಪ್ರತ್ಯೇಕ ಪ್ರಶ್ನೆ. ಸೇವಾ ಶುಲ್ಕ ಬಿಲ್ಲಿನಲ್ಲೇ ಇರುವುದರಿಂದ ಟಿಪ್ಸ್ ಕೊಡುವ ಒತ್ತಾಯವಿಲ್ಲ. ನಮ್ಮಲ್ಲಿಯೂ ದಿನಕ್ಕೆ 7,500 ರೂಪಾಯಿಯ ಗೆರೆಯೊಂದಿದೆ. ಅದನ್ನು ದಾಟಿದ ಕೋಣೆಗೆ ಶೇ 18ರ ಜಿಎಸ್‌ಟಿ ಬೀಳುವುದರಿಂದ, 7,400 ಮತ್ತು 7,600ರ ಕೋಣೆಗಳ ನಡುವಿನ ನಿಜವಾದ ಅಂತರ ಇನ್ನೂರು ರೂಪಾಯಿ ಎಂದು ತಿಳಿಯುವುದು ಮೂರ್ಖತನ.

ತಲುಪಿದ ಮೇಲೆ

ನಮ್ಮೂರಿನಿಂದ ರಾತ್ರಿ ಹೊರಡುವ ವಿಮಾನ ಸಿಂಗಪುರದಲ್ಲಿ ಬೆಳಿಗ್ಗೆ ಇಳಿಯುತ್ತದೆ; ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಕೋಣೆ ಸಾಮಾನ್ಯವಾಗಿ ಸಿಗುವುದು ಮಧ್ಯಾಹ್ನ ಮೂರಕ್ಕೆ. ಚಾಂಗಿ ವಿಮಾನ ನಿಲ್ದಾಣದಿಂದ ಮೆಟ್ರೊ ಹತ್ತಿ, ತಾನಾ ಮೆರಾದಲ್ಲಿ ರೈಲು ಬದಲಿಸಿ, ರಾಫಲ್ಸ್ ಪ್ಲೇಸ್‌ನಲ್ಲಿ ಇಳಿದರೆ ಹೋಟೆಲಿಗೆ ಕೆಲವೇ ನಿಮಿಷಗಳ ನಡಿಗೆ. ಸಾಮಾನನ್ನು ರಿಸೆಪ್ಷನ್ನಿನಲ್ಲಿ ಒಪ್ಪಿಸಿ, ಚೀಟಿ ಪಡೆದು, ಊರು ನೋಡಲು ಹೊರಡಬಹುದು. ಹೊರಡುವ ಮೊದಲು ಹಿಂದಿನ ಇಮೇಲನ್ನು ತೋರಿಸಿ ಕೋಣೆಯ ಮಾತನ್ನು ನೆನಪಿಸುವುದು ಜಾಣತನ, ಏಕೆಂದರೆ ಕೋಣೆಗಳ ಹಂಚಿಕೆ ಅಂದಿನ ಬೆಳಿಗ್ಗೆಯೇ ನಡೆಯುತ್ತಿರುತ್ತದೆ.

ಕೀಲಿ ಕೈಗೆ ಬಂದಾಗ ಮೊದಲು ಒಬ್ಬರೇ ಹೋಗಿ ನೋಡಿಬನ್ನಿ. ಪರದೆ ಪೂರ್ತಿ ಸರಿಸಿ, ನಲ್ಲಿ ತಿರುಗಿಸಿ ಬಿಸಿನೀರು ಬರುವವರೆಗೆ ನಿಂತು, ಏ.ಸಿ. ನಿಲ್ಲಿಸಿ ಒಂದು ನಿಮಿಷ ಕಿವಿಗೊಡಿ. ಒಪ್ಪಿಗೆಯಾಗದಿದ್ದರೆ ಪೆಟ್ಟಿಗೆ ಬಿಚ್ಚುವ ಮೊದಲೇ ಕೆಳಗೆ ಬಂದು ವಿನಯದಿಂದ ಬೇರೆ ಕೋಣೆ ಕೇಳಬೇಕು. ಹಾಸಿಗೆಯ ಮೇಲೆ ಸೀರೆ ಹರಡಿದ ನಂತರ ಕೇಳಿದರೆ ಯಾವ ಹೋಟೆಲಿನವರಿಗೂ ಉತ್ಸಾಹವಿರುವುದಿಲ್ಲ. ಸಿಂಗಪುರದ ಪ್ಲಗ್ಗಿಗೆ ಚಪ್ಪಟೆಯಾದ ಮೂರು ಕಡ್ಡಿಗಳು ಬೇಕು, ನಮ್ಮ ದುಂಡು ಕಡ್ಡಿ ಕೂರುವುದಿಲ್ಲ, ಅಡಾಪ್ಟರ್ ಮರೆಯಬೇಡಿ.

ಕಟ್ಟಡವನ್ನು ನೋಡುವುದು

ಇಷ್ಟು ಹಣ ಕೊಟ್ಟು ಕೋಣೆಯಲ್ಲಿ ಟಿ.ವಿ. ನೋಡುವವರೂ ಇದ್ದಾರೆ. ಪಾರಂಪರಿಕ ಹೋಟೆಲುಗಳಲ್ಲಿ ಅತಿಥಿಗಳಿಗೆ ಕಟ್ಟಡದ ಕಥೆ ಹೇಳುತ್ತ ಸುತ್ತಾಡಿಸುವ ವ್ಯವಸ್ಥೆ ಹಲವೆಡೆ ಇರುತ್ತದೆ, ಫುಲ್ಲರ್ಟನ್ನಿನಲ್ಲಿಯೂ ಇದೆ. ದಿನ, ಸಮಯಗಳನ್ನು ಬಂದೊಡನೆ ವಿಚಾರಿಸಿ ಹೆಸರು ಕೊಡಬೇಕು. ಹಳೆಯ ಅಂಚೆ ಕಚೇರಿಯಿದ್ದ ಜಾಗದಲ್ಲಿ ಈಗಿರುವ ಬಾರಿಗೆ ಪೋಸ್ಟ್ ಎಂದೇ ಹೆಸರು. ಅಲ್ಲಿ ಕುಳಿತವರು ಲೋಟವನ್ನು ಮರೆತು ಒಮ್ಮೆ ತಲೆಯೆತ್ತಿ ಚಾವಣಿಯನ್ನು ನೋಡಬೇಕು, ಅದು ಅಂಚೆಯ ಕಾಲದ್ದು. ಕೆಂಪು ಅಂಚೆಪೆಟ್ಟಿಗೆಗಳೂ ಉಳಿದಿವೆ. 1672ರಿಂದ ‘ಅಂಚೆ’ ನಡೆಸಿದ ಮೈಸೂರು ಸಂಸ್ಥಾನದ ಕಡೆಯಿಂದ ಹೋದವರು ಅಲ್ಲಿ ಒಂದು ಕಾರ್ಡು ಹಾಕದೆ ಬರುವುದು ನನಗೆ ಸರಿಕಾಣುವುದಿಲ್ಲ. ಮಾಳಿಗೆಯ ಮೇಲೆ 1958ರಿಂದ ಹಡಗುಗಳಿಗಾಗಿ ದೀಪಸ್ತಂಭವೊಂದು ಉರಿಯುತ್ತಿತ್ತು. ಮುಂದೆ ಎದ್ದ ಗಗನಚುಂಬಿಗಳು ಅದನ್ನು ಮರೆಮಾಡಿದವು. ಈ ಕಟ್ಟಡಕ್ಕೆ ಕತ್ತಲ ದಿನಗಳೂ ಇದ್ದವು: 1942ರ ಫೆಬ್ರುವರಿಯಲ್ಲಿ, ಜಪಾನೀಯರಿಗೆ ನಗರ ಶರಣಾಗುವ ಮುಂಚಿನ ದಿನಗಳಲ್ಲಿ, ಇದರ ಕೋಣೆಗಳು ಗಾಯಾಳುಗಳಿಗೆ ಆಸ್ಪತ್ರೆಯಾಗಿದ್ದವು.

ಬೆಳಗಿನ ಏಳರ ಹೊತ್ತಿಗೆ, ಬಿಸಿಲೇರುವ ಮೊದಲು, ಬಾಗಿಲಿನಿಂದ ಹೊರಬಂದು ಕ್ಯಾವೆನಾ ಸೇತುವೆಯ ಕಡೆಗೆ ನಡೆಯಿರಿ. ಅದರ ಕಬ್ಬಿಣ ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು, ವಯಸ್ಸು ನೂರೈವತ್ತು ದಾಟಿದೆ. ಅದರ ತುದಿಯಲ್ಲಿ ಹಳೆಯ ಪೊಲೀಸ್ ಫಲಕವೊಂದು ಇನ್ನೂ ಇದೆ: ಹೊರೆ ಸೇರಿ ಮೂರು ಹಂಡ್ರೆಡ್‌ವೇಟ್, ಅಂದರೆ ಸುಮಾರು 152 ಕಿಲೋ ಮೀರಿದ ವಾಹನಗಳಿಗೂ, ದನಗಳಿಗೂ ಕುದುರೆಗಳಿಗೂ ಸೇತುವೆಯ ಮೇಲೆ ಪ್ರವೇಶವಿಲ್ಲ. ಪಕ್ಕದಲ್ಲೇ ದಡದಿಂದ ನದಿಗೆ ಹಾರುತ್ತಿರುವ ಐವರು ಬೆತ್ತಲೆ ಹುಡುಗರ ಕಂಚಿನ ಪ್ರತಿಮೆಗಳಿವೆ. ಕೊನೆಯವನ ಕಾಲು ಇನ್ನೂ ಕಲ್ಲಿನ ಅಂಚನ್ನು ಬಿಟ್ಟಿಲ್ಲ. ಅಲ್ಲಿ ನಿಂತು ಹಿಂದಿರುಗಿ ನೋಡಿದಾಗಲೇ ಹೋಟೆಲಿನ ಕಂಬಸಾಲು ಒಟ್ಟಾಗಿ ಕಣ್ಣಿಗೆ ಬೀಳುವುದು, ಒಳಗಿದ್ದವರಿಗೆ ಅದು ಕಾಣುವುದೇ ಇಲ್ಲ.

ಸಸ್ಯಾಹಾರಿಗಳು ಹೋಟೆಲಿನ ಉಪಾಹಾರಕ್ಕೆ ಹಣ ಕೊಡುವ ಮುನ್ನ ಯೋಚಿಸಬಹುದು. ರಾಫಲ್ಸ್ ಪ್ಲೇಸ್‌ನಿಂದ ಧೋಬಿ ಘಾಟ್‌ಗೆ ಬಂದು, ಅಲ್ಲಿ ಈಶಾನ್ಯ ಮಾರ್ಗ ಹಿಡಿದು ಫ್ಯಾರರ್ ಪಾರ್ಕಿನಲ್ಲಿ ಇಳಿದರೆ, ಸೆರಂಗೂನ್ ರಸ್ತೆಯಲ್ಲಿ ನಮ್ಮ ಎಂ.ಟಿ.ಆರ್.ನ ಶಾಖೆಯಿದೆ. ಹೋಟೆಲಿನ ಬಫೆಯ ಅರ್ಧ ದುಡ್ಡಿಗೂ ಕಡಿಮೆಯಲ್ಲಿ ರವೆ ಇಡ್ಲಿ ಸಿಗುತ್ತದೆ.

ಕೊನೆಯ ದಿನ ಹನ್ನೆರಡರೊಳಗೆ ಕೋಣೆ ಬಿಡಬೇಕಾಗುತ್ತದೆ. ಮರಳುವ ವಿಮಾನ ರಾತ್ರಿಯದಾದರೆ ಸಾಮಾನನ್ನು ಮತ್ತೆ ರಿಸೆಪ್ಷನ್ನಿಗೆ ಒಪ್ಪಿಸಿ, ಬಿಲ್ಲಿನಲ್ಲಿ ಮಿನಿಬಾರಿನ ಸಾಲನ್ನು ಒಮ್ಮೆ ಓದಿ, ಮುಂಗಡವಾಗಿ ಕಾರ್ಡಿನಲ್ಲಿ ಹಿಡಿದಿಟ್ಟ ಠೇವಣಿ ಎಷ್ಟು ದಿನಗಳಲ್ಲಿ ಬಿಡುಗಡೆಯಾಗುತ್ತದೆ ಎಂದು ಕೇಳಿಕೊಂಡು ಹೊರಡಿ.