ವಾರ್ನಿಂಗ್ ಬಂದ ಸಾಲಿನಲ್ಲೇ ತಪ್ಪಿರಬೇಕಿಲ್ಲ

ಲಿನಕ್ಸ್‌ನ ಹಳೆಯ ನೆಟ್‌ವರ್ಕ್ ಡ್ರೈವರ್ ಒಂದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಕೋಡನ್ನು ಓದಿ ತಪ್ಪು ಹುಡುಕುವ ಸ್ಪಾರ್ಸ್ ಎಂಬ ಟೂಲನ್ನು, ಮೇಕ್ ಕಮಾಂಡಿಗೆ ಸಿ=2 ಸೇರಿಸಿ, ಎಲ್ಲ ಫೈಲುಗಳ ಮೇಲೂ ಓಡಿಸಿದೆ. (ಸಿ=1 ಕೊಟ್ಟರೆ ಮತ್ತೆ ಕಂಪೈಲ್ ಆಗುವ ಫೈಲುಗಳನ್ನಷ್ಟೇ ನೋಡುತ್ತದೆ.) ಸ್ಕ್ರೀನ್ ತುಂಬಾ ಒಂದೇ ದೂರು: ಬೇಕಿರುವುದು ಯು32, ಸಿಕ್ಕಿರುವುದು ಎಲ್‌ಇ32.

ಯು32 ಎಂದರೆ ಸಿಪಿಯು ತನ್ನ ಕ್ರಮದಲ್ಲಿ ಇಡುವ 32 ಬಿಟ್ ಸಂಖ್ಯೆ. ಎಲ್‌ಇ32 ಎಂದರೆ ಲಿಟಲ್ ಎಂಡಿಯನ್, ಅಂದರೆ ಕಿರಿಯ ಬೈಟ್ ಮೊದಲು ಬರುವ ಕ್ರಮದ್ದು. ಟೈಪ್ ಹೊಂದದಿದ್ದರೂ ಸುಮ್ಮನಿರು ಎನ್ನುವ ಒಂದು ಫೋರ್ಸ್ ಕಾಸ್ಟ್ ಹಾಕಿದರೆ ಇದರ ಬಾಯಿ ಮುಚ್ಚುತ್ತದೆ. ಆದರೆ ಸಾಲುಗಳನ್ನು ಓದಿ ನೋಡಿ. ವಾರ್ನಿಂಗ್ ಬಂದಲ್ಲೆಲ್ಲ ಯಾರೋ ಸರಿಯಾಗಿಯೇ ಸಿಪಿಯು_ಟು_ಎಲ್‌ಇ32 ಬಳಸಿ ಕ್ರಮ ಬದಲಿಸಿದ್ದಾರೆ! ತಪ್ಪಿದ್ದದ್ದು ಸ್ಟ್ರಕ್ಟ್‌ನಲ್ಲಿ. ಬಫರ್ ಎಲ್ಲಿದೆ ಎಂದು ತಿಳಿಯಲು ನೆಟ್‌ವರ್ಕ್ ಕಾರ್ಡ್ ಓದುವ ಡಿಸ್ಕ್ರಿಪ್ಟರ್ ಲಿಟಲ್ ಎಂಡಿಯನ್, ಆ ಸ್ಟ್ರಕ್ಟ್ ಅದರದ್ದೇ. ಅದರ ಫೀಲ್ಡುಗಳನ್ನು ಮಾತ್ರ ಸುಮ್ನೆ ಯು32 ಎಂದು ಬರೆದಿದ್ದರು. ಅವನ್ನು ಎಲ್‌ಇ32 ಮಾಡಿದೆ. ಹಳೆಯ ದೂರುಗಳೆಲ್ಲ ಹೋಗಿ ಅಲ್ಲಿಯವರೆಗೆ ತೆಪ್ಪಗಿದ್ದ ಸಾಲೊಂದು ಸಿಕ್ಕಿಬಿತ್ತು. ಬಫರ್ ಅಡ್ರೆಸ್ಸನ್ನು ಬದಲಾಯಿಸದೆ ಹಾಗೇ ತುಂಬುವ ಸಾಲು. ಸಾಮಾನ್ಯ ಪಿಸಿಗಳ ಎಕ್ಸ್86 ಸಿಪಿಯು ಕೂಡ ಲಿಟಲ್ ಎಂಡಿಯನ್ ಆದ್ದರಿಂದ ಬಚಾವಾಗಿತ್ತು. ಹಿರಿಯ ಬೈಟನ್ನು ಮೊದಲು ಇಡುವ ಬಿಗ್ ಎಂಡಿಯನ್ ಮೆಷಿನ್ನಿನಲ್ಲಿ ಹೆಕ್ಸ್ 00001000 ಕಾರ್ಡಿಗೆ 00100000 ಆಗಿ ಕಾಣುತ್ತದೆ, ಡಿಎಂಎ (ಸಿಪಿಯು ನೆರವಿಲ್ಲದೆ ಕಾರ್ಡೇ ಮೆಮೊರಿಗೆ ಬರೆಯುವುದು) ಎಲ್ಲೋ ಹೋಗಿ ಬರೆಯುತ್ತದೆ. ಕಾಸ್ಟ್ ಹಾಕಿದ್ದರೆ ಈ ಸಾಲು ಇನ್ನೂ ಅಲ್ಲೇ ಇರುತ್ತಿತ್ತು, ಅಲ್ವಾ?

ಆಮೇಲೆ ಸ್ಮ್ಯಾಚ್, ಇಂಥದ್ದೇ ಇನ್ನೊಂದು ಟೂಲ್. ಪಾಯಿಂಟರನ್ನು (ಮೆಮೊರಿ ವಿಳಾಸವನ್ನು) ಮೊದಲು ಬಳಸಿ, ಅದು ನಲ್, ಅಂದರೆ ಖಾಲಿ, ಅಲ್ಲವೇ ಎಂದು ಆಮೇಲೆ ಚೆಕ್ ಮಾಡಿದ್ದೀರಿ ಎಂದಿತು. ಇಂಥದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2009ರಲ್ಲಿ ಲಿನಕ್ಸ್‌ನ ವರ್ಚುವಲ್ ನೆಟ್‌ವರ್ಕ್ ಡ್ರೈವರಾದ ಟನ್‌ನಲ್ಲಿ ಇದೇ ಆಗಿತ್ತು. ಮೊದಲೇ ಬಳಸಿದ್ದಾರೆ, ಅಂದಮೇಲೆ ನಲ್ ಆಗಿರಲಾರದು ಎಂದುಕೊಂಡು ಜಿಸಿಸಿ ಕಂಪೈಲರ್ ಆ ಚೆಕ್ಕನ್ನೇ ಕಿತ್ತುಹಾಕಿತು. ಅದು ರೂಟ್, ಅಂದರೆ ಮೆಷಿನ್ನಿನ ಪೂರ್ಣ ಅಧಿಕಾರ, ಹಿಡಿಯುವ ದಾರಿಯಾಯಿತು. ಅಲ್ಲಿ ನಲ್ ನಿಜವಾಗಿ ಬರುತ್ತಿತ್ತು, ಹಾಗಾಗಿ ಚೆಕ್ ಮೇಲಕ್ಕೆ ಹೋಗಬೇಕಿತ್ತು. ನನ್ನದು ಕಾರ್ಡ್ ತೆಗೆಯುವಾಗ ಓಡುವ ರಿಮೂವ್ ಫಂಕ್ಷನ್. ಕಾರ್ಡನ್ನು ಮೊದಲು ಸಜ್ಜುಮಾಡುವ ಪ್ರೋಬ್ ಫಂಕ್ಷನ್ ಗೆದ್ದರೆ ಮಾತ್ರ ಅದಕ್ಕೆ ಕರೆ ಬರುತ್ತದೆ, ಡೇಟಾವನ್ನು ಪ್ರೋಬೇ ಇಟ್ಟಿರುತ್ತದೆ. ಆದ್ದರಿಂದ ಚೆಕ್ಕನ್ನೇ ಅಳಿಸಿದೆ. ಯಾಕೆ ಅಳಿಸಿದೆ ಎಂದು ಬದಲಾವಣೆಯ ಜೊತೆ ಹೋಗುವ ಕಮಿಟ್ ಮೆಸೇಜಿನಲ್ಲಿ ಬರೆದೆ. "ಸ್ಮ್ಯಾಚ್ ವಾರ್ನಿಂಗ್ ಸರಿಪಡಿಸಿದೆ" ಎಂದಷ್ಟೇ ಇರುವ ಮೆಸೇಜ್ ಕಂಡರೆ ನನಗೆ ಆಗುವುದಿಲ್ಲ.

ಲಾಕ್ (ಒಂದೇ ಡೇಟಾವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ಹಾಕುವ ಬೀಗ) ಹಿಡಿದು ಬಿಡುವ ಲೆಕ್ಕ ತಪ್ಪಿದೆ ಎಂಬ ಸ್ಪಾರ್ಸ್‌ನ ಒಂದು ದೂರು ಉಳಿಯಿತು. ಷರತ್ತಿನ ಮೇಲೆ ಲಾಕ್ ಹಿಡಿದು, ಅದೇ ಷರತ್ತಿನ ಮೇಲೆ ಬಿಡುವ ಕೋಡ್ ಅದು. ಸ್ಪಾರ್ಸ್‌ಗೆ ಇದು ಅರ್ಥವಾಗುವುದಿಲ್ಲ. ಅದಕ್ಕೋಸ್ಕರ ಓಡುತ್ತಿರುವ ಕೋಡನ್ನು ತಿರುಚುವ ಮನಸ್ಸಾಗಲಿಲ್ಲ. ಬಿಟ್ಟೆ.