ನಿಮ್ಮೂರಿನ ಮಾಲ್‌ನ ಚರಿತ್ರೆ ಬರೆಯಬೇಕೇ? ಬಿಲ್ಲಿನಿಂದ ಶುರು ಮಾಡಿ

ಮಾಲ್‌ಗೆ ಎಂಥ ಚರಿತ್ರೆ ಅಂತ ಕೇಳುವವರೇ ಜಾಸ್ತಿ. ದುರ್ಗದ ಬೈಲಿಗೆ ಇದೆ, ಜವಳಿ ಸಾಲಿಗೆ ಇದೆ, ಗೋಕುಲ ರಸ್ತೆಯ ಮಾಲ್‌ಗೆ ಎಲ್ಲಿಂದ ಬರಬೇಕು ಅನ್ನುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಆಲ್ಟರೇಶನ್ ಮಾಡುವ ಟೇಲರ್. ಮಾಲ್‌ನಲ್ಲಿ ಕೊಂಡ ಪ್ಯಾಂಟು, ಕುರ್ತಾ ಉದ್ದ ಕಡಿಮೆ ಮಾಡಿಸಲು ನನ್ನ ಮಷಿನ್ನಿಗೇ ಬರುತ್ತವೆ. ಮಾಲ್‌ನಷ್ಟು ಬೇಗ ಗುರುತು ಅಳಿಸಿಹೋಗುವ ಜಾಗ ಊರಲ್ಲಿ ಇನ್ನೊಂದಿಲ್ಲ. ಅಂಗಡಿ ಮುಚ್ಚಿದ ಕೂಡಲೇ ಬೋರ್ಡು ಇಳಿಯುತ್ತದೆ, ಮುಂದೆ ಪ್ಲೈವುಡ್ ನಿಲ್ಲುತ್ತದೆ. ಸ್ವಲ್ಪ ದಿನಕ್ಕೆ ಅಲ್ಲಿ ಮೊದಲು ಏನಿತ್ತು ಅಂತ ಯಾರಿಗೂ ಹೇಳಲು ಬರುವುದಿಲ್ಲ. ಅದಕ್ಕೇ ಈಗಲೇ ಬರೆದಿಡಬೇಕು.

ಮೊದಲು ಬಿಲ್ಲು ಕೂಡಿಸಿ. ಮನೆಯವರ ಪರ್ಸು, ಹಳೇ ಕೈಚೀಲ, ಕಪಾಟಿನ ತಳ ಎಲ್ಲ ಹುಡುಕಿ. ಇಂದಿನ ಬಿಲ್ಲಿನ ಮೇಲೆ ಇರುವುದು ಮಸಿಯಲ್ಲ, ಬಿಸಿ ತಾಗಿದರೆ ಕಪ್ಪಾಗುವ ಲೇಪ. ಬಿಸಿಲು, ಎಣ್ಣೆಗೈ, ಪ್ಲಾಸ್ಟಿಕ್ ಕವರು ಆ ಅಕ್ಷರವನ್ನು ತಿಂದುಹಾಕುತ್ತವೆ. ಜೋಪಾನ ಮಾಡಬೇಕೆಂದು ಲ್ಯಾಮಿನೇಶನ್‌ಗೆ ಮಾತ್ರ ಕೊಡಬೇಡಿ, ಆ ಬಿಸಿಗೆ ಇಡೀ ಚೀಟಿ ಕಪ್ಪಾಗುತ್ತದೆ. ಸಿಕ್ಕ ದಿನವೇ ಫೋಟೋ ತೆಗೆಯಿರಿ, ಒಂದು ಝೆರಾಕ್ಸ್ ಮಾಡಿಸಿ.

ತಾರೀಖು ಮಾಸಿದ್ದರೂ ದಾರಿ ಇದೆ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಬಟ್ಟೆ ಬಿಲ್ಲಿನಲ್ಲಿ ವ್ಯಾಟ್ ಅಂತ ಇದ್ದರೆ ಅದು ಅದಕ್ಕಿಂತ ಹಿಂದಿನದು. ಜಿಎಸ್‌ಟಿ ನಂಬರು 29ರಿಂದ ಶುರುವಾದರೆ ಕರ್ನಾಟಕದಲ್ಲಿ ನೋಂದಣಿಯಾದ ಅಂಗಡಿ. ಬಟ್ಟೆಯ ಟ್ಯಾಗನ್ನೂ ಬಿಸಾಡಬೇಡಿ. ಬೆಲೆಯ ಪಕ್ಕದಲ್ಲಿ ತಯಾರಾದ ತಿಂಗಳು, ವರ್ಷ ಇದ್ದರೆ, ಕೊಂಡದ್ದು ಅದಕ್ಕಿಂತ ಮುಂಚೆ ಆಗಿರಲು ಸಾಧ್ಯವಿಲ್ಲ ಅಲ್ವಾ?

ಆಮೇಲೆ ಪ್ರತಿ ಮಹಡಿಯ ನಕ್ಷೆ ಬರೆಯಿರಿ, ಸುಮ್ನೆ ಪೆನ್ಸಿಲ್‌ನಲ್ಲಿ. ಯಾವ ಮಳಿಗೆಯಲ್ಲಿ ಯಾವ ಅಂಗಡಿ, ಅದಕ್ಕೂ ಮೊದಲು ಯಾವುದು, ಖಾಲಿ ಇದ್ದರೆ ಖಾಲಿ ಅಂತಲೇ. ಪ್ರವೇಶದ ಹತ್ತಿರದ ಅಂಗಡಿ ಪಟ್ಟಿಯ ಬೋರ್ಡಿನ ಫೋಟೋ ಪ್ರತಿ ವರ್ಷ ತೆಗೆದಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಜನರನ್ನು ಮಾತಾಡಿಸುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ಮ್ಯಾನೇಜರ್ ಹತ್ತಿರ ಆಮೇಲೆ ಹೋಗಿ. ಮೊದಲು ಸೆಕ್ಯುರಿಟಿಯವರು, ಕಸ ಗುಡಿಸುವವರು, ಗೇಟಿನ ಮುಂದೆ ನಿಲ್ಲುವ ಆಟೋದವರು, ಹೊರಗೆ ಗಿರ್ಮಿಟ್ಟು ಮಾರುವವರು. 'ಮಾಲ್ ಬಗ್ಗೆ ಏನನಿಸುತ್ತದೆ' ಅಂತ ಕೇಳಿದರೆ 'ಚಲೋ ಐತ್ರಿ' ಅಂತ ಮುಗಿಸುತ್ತಾರೆ. 'ಮೊದಲ ದಿನ ಯಾವ ಗೇಟಿನಿಂದ ಒಳಗೆ ಬಂದ್ರಿ? ಯಾರ ಜೊತೆ?' ಅಂತ ಕೇಳಿ ನೋಡಿ. ಹೌಸ್‌ಕೀಪಿಂಗ್ ಅಕ್ಕ ಒಬ್ಬರು ನನಗೆ ಹೇಳಿದ್ದು ಇದು: "ಮದುವಿ ಸೀಸನ್‌ದಾಗ ಹಳ್ಳಿಯಿಂದ ಅಜ್ಜಿಗೋಳು ಬರ್ತಾರ್ರಿ. ಎಸ್ಕಲೇಟರ್ ನೋಡಿ ನಿಂತ್ ಬಿಡ್ತಾರ. ನೆರಿಗಿ ಎತ್ತಿ ಹಿಡೀರಿ, ಹಳದಿ ಗೆರಿ ಮ್ಯಾಲ ಕಾಲ್ ಇಡಬ್ಯಾಡ್ರಿ ಅಂತ ಕೈ ಹಿಡಿದು ಹತ್ತಸ್ತೀನಿ. ಮ್ಯಾಲ ಹೋದಮ್ಯಾಗ ಕೆಲವರು ಮತ್ತ ಇಳದು ಮತ್ತ ಹತ್ತತಾರ." ಇಂಥ ಮಾತು ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ. ಹೇಳಿದವರ ಬಾಯಿಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ.

ಊರಿನ ನಡತೆ ಏನು ಬದಲಾಯಿತು ಅನ್ನುವುದೂ ಇದರಲ್ಲೇ ಬರುತ್ತದೆ. ಜವಳಿ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು, ಬಟ್ಟೆಯ ತಾನು ಬಿಚ್ಚಿಸಿ, ಚೌಕಾಸಿ ಮಾಡಿ, ಪೀಸು ತಂದು ಟೇಲರಿಗೆ ಕೊಡುತ್ತಿದ್ದರು. ಮಾಲ್‌ನಲ್ಲಿ ಟ್ರಯಲ್ ರೂಮಿಗೆ ಹೋಗಿ ಒಬ್ಬರೇ ಕನ್ನಡಿ ನೋಡಿಕೊಳ್ಳುತ್ತಾರೆ. ಬೆಲೆ ಚೀಟಿಯಲ್ಲಿದ್ದದ್ದೇ ಅಂತಿಮ. ಅಳತೆ ಕೊಡಲು ಬರುತ್ತಿದ್ದ ಗಿರಾಕಿ ಈಗ ನನ್ನ ಹತ್ತಿರ ಬರುವುದು ಎರಡಿಂಚು ಮಡಚಿಸಲು. ಇದನ್ನು ನಿಮ್ಮ ಓಣಿಯ ಟೇಲರ್ ಹತ್ತಿರವೂ ಕೇಳಿ, ಎಲ್ಲರ ಹತ್ತಿರವೂ ಒಂದೊಂದು ಕಥೆ ಇದೆ.

ಜಾಗದ ಹಿಂದಿನ ಕಥೆಗೆ ಮಾಲ್ ಎದುರು ನಿಂತು ದಿಶಾಂಕ್ ಆ್ಯಪ್ ತೆರೆಯಿರಿ, ಸರ್ವೆ ನಂಬರು ತೋರಿಸುತ್ತದೆ. ಅದರ ಹಳೇ ಉತಾರ, ಅಂದರೆ ಪಹಣಿ ಸಿಕ್ಕರೆ ಬೆಳೆಯ ಕಾಲಂ ನೋಡಿ. ಈಗ ಪಾರ್ಕಿಂಗ್ ಇರುವ ಕಡೆ ಜೋಳ ಇತ್ತೋ ಹತ್ತಿ ಇತ್ತೋ ಗೊತ್ತಾಗುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಉಪಗ್ರಹ ಚಿತ್ರವೂ ಇದೆ. ಕಟ್ಟಡಕ್ಕೆ ಪರವಾನಗಿ ಕೊಟ್ಟ ತಾರೀಖು ಬೇಕಾದರೆ ಮಹಾನಗರ ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನದ ಗಡುವಿದೆ.

ದೊಡ್ಡ ಚರಿತ್ರೆಗೆ ಒಂದು ಪ್ಯಾರಾ ಸಾಕು. ಪೂರ್ತಿ ಮುಚ್ಚಿದ, ಒಳಗೆಲ್ಲ ಒಂದೇ ಹವೆ ಇರುವ ಮಾಲ್ ಮೊದಲು ತೆರೆದದ್ದು 1956ರಲ್ಲಿ, ಅಮೆರಿಕದ ಮಿನ್ನೆಸೋಟದ ಇಡೈನಾ ಊರಿನ ಸೌತ್‌ಡೇಲ್. ಅದರ ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ವಿಯೆನ್ನಾದಿಂದ ಹೋದ ವಿಕ್ಟರ್ ಗ್ರೂಯೆನ್. ಸುತ್ತ ಮನೆ, ಶಾಲೆ ಬಂದು ಜನ ಕೂಡುವ ಊರಿನ ನಡುಮನೆ ಆಗಲಿ ಎಂಬುದು ಅವರ ಆಸೆ. ಬರೀ ವ್ಯಾಪಾರ ಬೆಳೆದದ್ದು ನೋಡಿ ಕೊನೆಗೆ ಅವರೇ ಬೇಸತ್ತು ದೂರ ಸರಿದರು. ನಮ್ಮ ದೇಶದಲ್ಲಿ 1999ರಲ್ಲಿ ದೆಹಲಿಯ ಅನ್ಸಲ್ ಪ್ಲಾಜಾ, ಮುಂಬೈನ ಕ್ರಾಸ್‌ರೋಡ್ಸ್ ತೆರೆದವು. ಬೆಂಗಳೂರು ಕೋರಮಂಗಲದ ಫೋರಂ 2004ರಲ್ಲಿ ಬಂತು.

ಜನ ಕೂಡಲಿ ಎಂಬ ಗ್ರೂಯೆನ್ ಆಸೆ ಎಷ್ಟು ಉಳಿದಿದೆ ಅಂತ ತಿಳಿಯಲು, ನಿಮ್ಮ ಮಾಲ್‌ನಲ್ಲಿ ಏನೂ ಕೊಳ್ಳದೆ ಕೂರಲು ಜಾಗ ಇದೆಯೇ ಅಂತ ತಪ್ಪದೆ ಬರೆಯಿರಿ. ಏಪ್ರಿಲ್ ಬಿಸಿಲಿನಲ್ಲಿ ತಂಪಿಗೆ ಬಂದು ಕೂರುವ ಹಿರಿಯರು, ಕಾಲೇಜು ಹುಡುಗರು, ಕುಂದಗೋಳ, ನವಲಗುಂದದಿಂದ ಭಾನುವಾರ ಬರುವ ಕುಟುಂಬಗಳು ಎಲ್ಲಿ ಕೂರುತ್ತಾರೆ? ಬೆಂಚು ತೆಗೆದಿದ್ದರೆ ಯಾವಾಗ ತೆಗೆದರು? ಇವನ್ನೂ ನಕ್ಷೆಯಲ್ಲಿ ಗುರುತು ಮಾಡಿ.

ಕೆಲಸಗಾರರ ಹೆಸರು ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಒಂದು ಪ್ರತಿ ಅವರ ಕೈಗೆ ಕೊಡಿ, ಇನ್ನೊಂದನ್ನು ಹತ್ತಿರದ ಗ್ರಂಥಾಲಯಕ್ಕೆ ಮುಟ್ಟಿಸಿ.